ಅತ್ತೆ ಮಲಗಿದ್ದಾರೆ ಎಂದ ದಿನ

ನನ್ನ ಅತ್ತೆಯ ತಮ್ಮ ಸಾಯುವ ದಿನ, ಅಕ್ಕನ ಜೊತೆ ಒಂದು ಮಾತಾಡಬೇಕು ಎಂದು ಕೇಳಿದ್ದರು. ಫೋನು ಎತ್ತಿದವಳು ನಾನು. ಅತ್ತೆ ಮಲಗಿದ್ದಾರೆ ಎಂದೆ. ಅತ್ತೆ ಮಲಗಿರಲಿಲ್ಲ — ಮನೆಯ ಮುಂದೆ ಕಾರಿನಲ್ಲಿ ಸೀಟ್‌ಬೆಲ್ಟ್ ಹಾಕಿಕೊಂಡು ಕೂತಿದ್ದರು, ನನ್ನಿಂದ ಹದಿನೈದು ಹೆಜ್ಜೆ ದೂರದಲ್ಲಿ.

ಇಷ್ಟನ್ನು ಬರೆಯುವುದಕ್ಕೆ ನನಗೆ ಏಳು ವರ್ಷ ಬೇಕಾಯಿತು. ಬರೆದ ಮೇಲೆ ಓದಿ ನೋಡಿದರೆ ನಾಲ್ಕು ಸಾಲು ಅಷ್ಟೇ. ಇನ್ನು ಮುಂದೆ ಹೇಳುವುದೆಲ್ಲ ಕಾರಣದ ಹಾಗೆ ಕೇಳಿಸಬಹುದು. ಕಾರಣ ಹೇಳುವ ಉದ್ದೇಶ ನನಗಿಲ್ಲ — ಇದ್ದರೂ ಅದು ಒಪ್ಪುವಂಥದ್ದಲ್ಲ.

ನಾವಿರುವುದು ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ. ನಾನು, ನನ್ನ ಗಂಡ ರಘು, ಮಗಳು ಇಶಾ. ರಘುವಿನ ಅಣ್ಣನ ಸಂಸಾರ ಸಿಡ್ನಿಯ ಪ್ಯಾರಮಟ್ಟಾದಲ್ಲಿ. ಮಾವ ತೀರಿಕೊಂಡ ಮೇಲೆ ಅತ್ತೆ ಮೈಸೂರಿನ ಮನೆ ಖಾಲಿ ಮಾಡಿ ಇಲ್ಲಿಗೆ ಬಂದರು. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ. ಮೈಸೂರಿನಲ್ಲಿ ಅವರದ್ದು ಅಂತ ಉಳಿದಿದ್ದದ್ದು ತಮ್ಮ ಒಬ್ಬರೇ — ಶ್ರೀನಿವಾಸ, ನಮಗೆಲ್ಲ ಶೀನು ಮಾಮ, ಅತ್ತೆಗೆ ಬರೀ ಶೀನ. ತಾಯಿ ಹೋದಾಗ ಶೀನನಿಗೆ ನಾಲ್ಕು ವರ್ಷ, ಅತ್ತೆಗೆ ಹದಿಮೂರು. ಸ್ನಾನ ಮಾಡಿಸಿ, ತಲೆ ಬಾಚಿ, ಅನ್ನ ಕಲಸಿ ಬಾಯಿಗಿಟ್ಟು ಬೆಳೆಸಿದ್ದು ಈ ಅಕ್ಕನೇ. ತನ್ನ ಮದುವೆಯಾಗಿ ಗಂಡನ ಮನೆಗೆ ಹೊರಟಾಗ ಅವನು ಕಾರಿನ ಹಿಂದೆ ಓಡಿ ಬಂದು ಮೊಣಕಾಲು ಕೆತ್ತಿಕೊಂಡ ಎಂದು ಅತ್ತೆ ನೂರು ಸಲ ಹೇಳಿದ್ದಾರೆ. ಭಾನುವಾರ ಬಂದರೆ ಶೀನು ಮಾಮನ ಫೋನು. ಮಾತೇನು ದೊಡ್ಡದಿರುತ್ತಿರಲಿಲ್ಲ. "ಇವತ್ತೇನು ಅಡುಗೆ ಅಕ್ಕ?" — ಅಲ್ಲಿಂದ ಶುರುವಾಗಿ ಹುಳಿಗೆ ಬೆಲ್ಲ ಹಾಕಬೇಕೋ ಬೇಡವೋ ಎನ್ನುವಲ್ಲಿಗೆ ಮುಗಿಯುತ್ತಿತ್ತು. ಅತ್ತೆಗೆ ಅದೇ ತವರು. ಆ ಫೋನಿನ ಅರ್ಧ ಗಂಟೆ.

ಆ ತವರನ್ನು ನಾನು ಕಳೆದೆ. ನಾನೂ ತವರಿದ್ದ ಹೆಂಗಸೇ.

ಈಗ ನನ್ನ ಹೊಟ್ಟೆಕಿಚ್ಚಿನ ವಿಷಯ. ಇದನ್ನು ಬಿಟ್ಟು ಬರೆದರೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ಪ್ಯಾರಮಟ್ಟಾದ ನನ್ನ ಓರಗಿತ್ತಿ ಲತಾ ಕೆಟ್ಟವಳಲ್ಲ — ಅದೇ ನನ್ನ ಕಷ್ಟವಾಗಿತ್ತು! ಅತ್ತೆಯನ್ನು ಫೆರ್ರಿ ಹತ್ತಿಸಿದಳು, ನೀಲಿ ಬೆಟ್ಟ ತೋರಿಸಿದಳು, ಲೈಟ್ ರೈಲಿನಲ್ಲಿ ಕೂರಿಸಿ ಸುತ್ತಿಸಿದಳು, ಎಲ್ಲದರ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿದಳು. ಮೈಸೂರಿನಿಂದ ಬೆಂಗಳೂರಿನಿಂದ ಹೂವು, ಚಪ್ಪಾಳೆ, ಕೈಮುಗಿಯುವ ಚಿತ್ರಗಳು ಸುರಿದವು. "ಲತಾ ಅತ್ತೆಯನ್ನು ತಾಯಿಯ ಹಾಗೆ ನೋಡ್ಕೋತಾಳೆ." ನಮ್ಮಲ್ಲಿಗೆ ಬಂದ ಮೇಲೆ ಅತ್ತೆ ಬೇಕೆಂದೇನೂ ಅಲ್ಲ, ಸುಮ್ಮನೆ ಮಾತಿಗೆ ಹೇಳುತ್ತಿದ್ದರು — "ಅಲ್ಲಿ ಲತಾ ಹೀಗೆ ಕರ್ಕೊಂಡ್ ಹೋಗಿದ್ಲು ಕಣೇ ಸುಮಾ." ನಾನು ಹೂಂ ಅನ್ನುತ್ತಿದ್ದೆ. ಒಳಗೆ ಸಾಸಿವೆ ಸಿಡಿಯುತ್ತಿತ್ತು. ನಮ್ಮ ಸಬರ್ಬಿನಲ್ಲಿ ತೋರಿಸುವುದಕ್ಕೇನಿದೆ? ಒಂದೇ ಅಚ್ಚಿನಲ್ಲಿ ಒತ್ತಿದ ಮನೆಗಳು, ಗಾಳಿ, ಫ್ರೀವೇ.

ಹಾಗಾಗಿ ಆ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಹಳ್ಳಿಗೆ ಹೋಗುವ ಯೋಜನೆ ಹಾಕಿದ್ದು ಇಶಾಳಿಗಾಗಿ ಎಂದು ಎಲ್ಲರಿಗೂ ಹೇಳಿದೆ. ಅವಳಿಗೆ ಆಗ ಆರು ವರ್ಷ, ಅವಳೂ ಕುಣಿಯುತ್ತಿದ್ದಳು ನಿಜ. ಆದರೆ ನನ್ನ ಕಣ್ಣಿದ್ದದ್ದು ಗ್ರೂಪಿನ ಮೇಲೆ. ನಗರದಿಂದ ಒಂದೂವರೆ ಗಂಟೆ ಪೂರ್ವಕ್ಕೆ, ಗುಡ್ಡದ ಪೈನ್ ಮರಗಳ ನಡುವೆ ಒಂದು ಇಡೀ ಹಳ್ಳಿಯನ್ನೇ ಕಟ್ಟಿದ್ದರು — ಮರದ ಪುಟ್ಟ ಪುಟ್ಟ ಮನೆಗಳು, ಸಾಂಟಾನ ಕುಟೀರ, ಸುಳ್ಳು ಹಿಮ. ಅತ್ತೆ ಅಂಥದ್ದನ್ನು ಸಿಡ್ನಿಯಲ್ಲಿ ನೋಡಿರಲಿಲ್ಲ. ಅದನ್ನು ನಾನು ಮೊದಲೇ ಉಪಾಯವಾಗಿ ಕೇಳಿ ತಿಳಿದುಕೊಂಡಿದ್ದೆ.

ಮೂರು ಸಲ ಬುಕ್ ಮಾಡಿ ಮೂರು ಸಲವೂ ತಪ್ಪಿತು. ಒಂದು ಶನಿವಾರ ಅತ್ತೆಯ ಮಂಡಿ ಊದಿಕೊಂಡಿತು. ಇನ್ನೊಂದು ವಾರ ರಘುವಿಗೆ ಆಫೀಸಿನಿಂದ ಕರೆ. ಮೂರನೆಯ ಸಲ ಬಿಸಿಲು ನಲವತ್ತೆರಡು ಡಿಗ್ರಿಗೆ ಹೋಗಿ, ಕಾಡಿನ ಬೆಂಕಿಯ ಭಯದಿಂದ ಅವರೇ ಮುಚ್ಚಿದರು. ಇಶಾ ನೆಲದ ಮೇಲೆ ಬಿದ್ದು ಹೊರಳಾಡಿ ಅತ್ತಳು. ನಾಲ್ಕನೆಯದು ಕ್ರಿಸ್‌ಮಸ್‌ಗೆ ಮುಂಚಿನ ಕೊನೆಯ ಶನಿವಾರ. ಆಮೇಲೆ ಜಾಗವಿರಲಿಲ್ಲ.

ಶೀನು ಮಾಮನಿಗೆ ಹುಷಾರಿಲ್ಲದಿರುವುದು ನಮಗೆಲ್ಲ ಗೊತ್ತಿತ್ತು. ಉಸಿರಿನ ತೊಂದರೆ, ಆಸ್ಪತ್ರೆಗೆ ಹೋಗುವುದು ಬರುವುದು. ದೀಪಾವಳಿಯಿಂದೀಚೆಗೆ ಎರಡು ಸಲ "ಬೇಗ ಮಾತಾಡಿಬಿಡಿ" ಎಂದು ಫೋನು ಬಂದು, ಅತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಊಟ ಬಿಟ್ಟು ಕೂತು, ಮಾರನೆಯ ದಿನ ಮಾಮ ಎದ್ದು ಕೂತು ರವೆ ಇಡ್ಲಿ ತಿಂದ ಸುದ್ದಿ ಬಂದಿತ್ತು. ಎರಡನೆಯ ಸಲ ರಘು ನಕ್ಕುಬಿಟ್ಟಿದ್ದ — "ಮಾಮ ಗಟ್ಟಿ ಪಿಂಡ ಕಣೇ." ಮೂರನೆಯದೂ ಹಾಗೆಯೇ ಎಂದು ನಾನು — ಇರಲಿ. ಮತ್ತೆ ಕಾರಣ ಹೇಳಲು ಹೊರಟೆ.

ಆ ಬೆಳಿಗ್ಗೆ ಹತ್ತೂವರೆ. ಎಲ್ಲರೂ ಕಾರಿನಲ್ಲಿ. ನೀರಿನ ಬಾಟಲು ಮರೆತೆನೆಂದು ನಾನೊಬ್ಬಳೇ ಒಳಗೆ ಬಂದೆ. ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿದ್ದ ಅತ್ತೆಯ ಫೋನು ಹೊಡೆದುಕೊಳ್ಳುತ್ತಿತ್ತು. ಶೀನು ಮಾಮನ ಹೆಂಡತಿ, ವತ್ಸಲಾ ಆಂಟಿ. ಅಲ್ಲಿ ಆಗ ಬೆಳಗಿನ ಐದು ಗಂಟೆ. ಆ ಹೊತ್ತಿಗೆ ಫೋನು ಬಂದರೆ ಏನರ್ಥವೆಂದು ತಿಳಿಯದಷ್ಟು ಚಿಕ್ಕವಳೇನಲ್ಲ ನಾನು.

"ಸುಮಾನಾ? ಅತ್ತಿಗೆಗೆ ಕೊಡಮ್ಮ ಫೋನು. ಇವರು ರಾತ್ರಿಯಿಂದ ಅಕ್ಕ ಅಕ್ಕ ಅಂತಿದಾರೆ. ಒಂದೇ ಒಂದು ನಿಮಿಷ ಮಾತಾಡ್ಲಿ."

ನಾನು ಒಂದು ಮೆಡಿಕಲ್ ಸೆಂಟರಿನಲ್ಲಿ ರಿಸೆಪ್ಷನಿಸ್ಟ್. ದಿನಕ್ಕೆ ಎಷ್ಟು ಫೋನು ಎತ್ತುತ್ತೇನೋ ಲೆಕ್ಕವಿಲ್ಲ. ಡಾಕ್ಟರು ಒಳಗೆ ಕಾಫಿ ಕುಡಿಯುತ್ತಿದ್ದರೂ "ಪೇಷಂಟ್ ಜೊತೆ ಇದ್ದಾರೆ, ಆಮೇಲೆ ಕರೆ ಮಾಡಿಸುತ್ತೇನೆ" ಎಂದು ನಯವಾಗಿ ಹೇಳುವುದು ನನ್ನ ಕೆಲಸ. ಅದೇ ನಯ, ಅದೇ ದನಿ — ನಾಲಿಗೆ ತಡವರಿಸಲೂ ಇಲ್ಲ.

"ಅತ್ತೆ ಮಲಗಿದಾರೆ ಆಂಟಿ. ರಾತ್ರಿಯೆಲ್ಲ ಮಂಡಿ ನೋವು, ನಿದ್ದೆ ಇಲ್ಲ. ಎದ್ದ ತಕ್ಷಣ ನಾನೇ ಮಾಡಿಸ್ತೀನಿ."

ಆಂಟಿ ಫೋನು ಬಾಯಿಂದ ದೂರ ಹಿಡಿದು ಯಾರಿಗೋ ಏನೋ ಹೇಳಿದರು. ಆಮೇಲೆ "ಆಯ್ತಮ್ಮ" ಎಂದು ಇಟ್ಟರು.

ಹೊರಗೆ ರಘು ಹಾರ್ನ್ ಹೊಡೆದ. ನಾನು ಆ ಕರೆಯ ಗುರುತನ್ನು ಅತ್ತೆಯ ಫೋನಿನಿಂದ ಅಳಿಸಿದೆ. ಬೆರಳು ನಡುಗಲಿಲ್ಲ — ಇದನ್ನೂ ಹೇಳಬೇಕು. ಫೋನನ್ನು ಅಲ್ಲಿಯೇ ಚಾರ್ಜಿಗೆ ಬಿಟ್ಟೆ. ಬಾಟಲು ತೆಗೆದುಕೊಂಡು ಕಾರು ಹತ್ತಿದೆ. ಸಂಜೆ ಬಂದ ಕೂಡಲೇ ಫೋನು ಮಾಡಿಸಿದರಾಯಿತು, ಅಷ್ಟರಲ್ಲಿ ಮಾಮ ಇಡ್ಲಿ ತಿಂದಿರುತ್ತಾರೆ, ಅಕ್ಕ-ತಮ್ಮ ಬೆಲ್ಲದ ಬಗ್ಗೆ ಮಾತಾಡುತ್ತಾರೆ ಎಂದುಕೊಂಡೆ. ಸೇತುವೆ ದಾಟುವಾಗ ಅತ್ತೆ ಸೆರಗಿನಡಿ ತಡಕಾಡಿ, "ಅಯ್ಯೋ, ಫೋನೇ ತರಲಿಲ್ಲ ನೋಡೇ" ಎಂದರು. "ಇರ್ಲಿ ಬಿಡಿ ಅತ್ತೆ, ನಮ್ಮ ಫೋನಿದೆಯಲ್ಲ" ಎಂದೆ. ಅವರು ಇಶಾಳ ಜೊತೆ ಕಿಟಕಿಯಾಚೆ ಕುರಿ ಎಣಿಸುವ ಆಟಕ್ಕೆ ಕೂತರು.

ಹಳ್ಳಿ ಚೆನ್ನಾಗಿತ್ತು. ಸುಳ್ಳೇಕೆ ಹೇಳಲಿ, ತುಂಬಾ ಚೆನ್ನಾಗಿತ್ತು. ಮೂವತ್ತೈದು ಡಿಗ್ರಿ ಬಿಸಿಲಿನಲ್ಲಿ ಯಂತ್ರವೊಂದು ಸೋಪಿನ ನೊರೆಯನ್ನು ಹಿಮವೆಂದು ಊದುತ್ತಿತ್ತು. ಹಿಮಸಾರಂಗದ ಬದಲು ಆಡುಗಳ ತಲೆಗೆ ಬಟ್ಟೆಯ ಕೊಂಬು ಕಟ್ಟಿದ್ದರು. ಒಂದು ಆಡು ಪಕ್ಕದ ಆಡಿನ ಕೊಂಬನ್ನು ನೆಮ್ಮದಿಯಾಗಿ ತಿನ್ನುತ್ತಿತ್ತು. ಅತ್ತೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಶುಂಠಿ ಬಿಸ್ಕತ್ತಿನ ಅಂಗಡಿಯಲ್ಲಿ "ಎಗ್ ಇದೆಯಾ ಕೇಳೇ" ಎಂದು ನನ್ನನ್ನು ಮೂರು ಸಲ ಕಳಿಸಿದರು. ಇದೆ ಎಂದಮೇಲೂ ಅದರ ವಾಸನೆ ನೋಡಿ, "ಪಾಪ, ಚೆನ್ನಾಗಿ ಮಾಡಿದಾರೆ" ಎಂದರು. ಇಶಾ ಹಟ ಮಾಡಿ ಅವರ ತುರುಬಿನ ಮೇಲೆ ಕೆಂಪು ಟೋಪಿ ಹಾಕಿದಳು. ಟೋಪಿ ಜಾರುತ್ತದೆಂದು ಅತ್ತೆ ತಮ್ಮ ಹೇರ್‌ಪಿನ್ನನ್ನೇ ತೆಗೆದು ಅದಕ್ಕೆ ಚುಚ್ಚಿಕೊಂಡರು.

ಸಾಂಟಾನ ಕುಟೀರದಲ್ಲಿ ಸರದಿ. ಆ ಮುದುಕ ಬೆವರಿ ಮುದ್ದೆಯಾಗಿದ್ದರೂ ಒಳ್ಳೆಯ ಮನುಷ್ಯ. ಇಶಾ ತನಗೆ ಬೇಕಾದ ಗೊಂಬೆಯ ಹೆಸರು ಹೇಳಿದ ಮೇಲೆ ಅವನು ಅತ್ತೆಯ ಕಡೆ ತಿರುಗಿ, ಅಜ್ಜಿಗೆ ಈ ಕ್ರಿಸ್‌ಮಸ್‌ಗೆ ಏನು ಬೇಕು ಎಂದು ಕೇಳಿದ. ಅತ್ತೆ ನಾಚಿಕೊಂಡು ನನ್ನ ಮುಖ ನೋಡಿದರು. ಆಮೇಲೆ ತಮ್ಮ ಇಂಗ್ಲಿಷನ್ನೆಲ್ಲ ಕೂಡಿಸಿಕೊಂಡು ಹೇಳಿದರು — "ಮೈ ಬ್ರದರ್ ಹೆಲ್ತ್. ಹೀ ಈಸ್ ನಾಟ್ ವೆಲ್. ದಟ್ ಓನ್ಲಿ."

ಫೋನು ನನ್ನ ಕೈಯಲ್ಲೇ ಇತ್ತು, ಫೋಟೋ ತೆಗೆಯಲು ಹಿಡಿದಿದ್ದೆ. ಸಿಗ್ನಲ್ ಇತ್ತು. ಅದರಲ್ಲಿಯೇ ವತ್ಸಲಾ ಆಂಟಿಗೆ ಒತ್ತಿ ಅತ್ತೆಯ ಕಿವಿಗೆ ಹಿಡಿದಿದ್ದರೆ — ಮಲಗಿದ್ದವರು ಈಗ ಎದ್ದರು ಎಂದರೆ ಮುಗಿಯುತ್ತಿತ್ತಲ್ಲ, ನನ್ನ ಸುಳ್ಳಿಗೂ ಅಪಾಯವಿರಲಿಲ್ಲ. ಆದರೆ ಅತ್ತೆ ಅತ್ತಾರು, ಇಶಾ ಹೆದರಿಕೊಂಡಾಳು, ಇನ್ನೂ ಅರ್ಧ ಹಳ್ಳಿ ನೋಡುವುದಿದೆ... ಫೋನು ಎತ್ತಿ, "ಎಲ್ರೂ ಈ ಕಡೆ ನೋಡಿ" ಎಂದೆ. ಅತ್ತೆ ನಕ್ಕರು. ಹಲ್ಲು ಕಾಣುವ ಹಾಗೆ ಅವರು ನಕ್ಕ ಫೋಟೋ ಅದೊಂದೇ ಇರುವುದು.

ಆ ಫೋಟೋವನ್ನು ನನ್ನಿಂದ ತೆಗೆದುಕೊಂಡು ರಘು ಗ್ರೂಪಿಗೆ ಹಾಕಿದ. ಪಾಪ ಅವನಿಗೇನು ಗೊತ್ತು! "ಅಮ್ಮ ವಿತ್ ಸಾಂಟಾ" ಎಂದು ಬರೆದು ನಗುವ ಮುಖ ಹಾಕಿದ. ಲತಾಳ ಹೃದಯದ ಚಿತ್ರ ಮೊದಲು ಬಂತು. ನಾನು ನೋಡಿ ಖುಷಿಪಟ್ಟೆ. ಹೌದು, ಆ ಹೊತ್ತಿನಲ್ಲೂ.

ಮೂರೂವರೆಗೆ ವಾಪಸು ಹೊರಟು ಕಾರಿನ ಹತ್ತಿರ ಬಂದಾಗ ಪ್ಯಾರಮಟ್ಟಾದಿಂದ ಭಾವನ ಫೋನು. ರಘು "ಹೂಂ... ಹೂಂ... ಯಾವಾಗ?" ಎನ್ನುತ್ತ ಕಾರಿನಿಂದ ದೂರ ಹೋದ. ಅರ್ಧ ಗಂಟೆಯ ಹಿಂದೆ ಎಂದರು. ಮೈಸೂರಿನ ಒಂಬತ್ತೂವರೆಗೆ. ರಘು ವಾಪಸು ಬಂದು ಅಮ್ಮನ ಭುಜ ಹಿಡಿದು ಹೇಳಿದ — "ಅಮ್ಮ, ಶೀನು ಮಾಮ ಹೋಗ್ಬಿಟ್ರು." ಅತ್ತೆ ಅಳಲಿಲ್ಲ. ಟೋಪಿ ತೆಗೆಯಲು ನೋಡಿದರು. ಪಿನ್ನು ಕೂದಲಿಗೆ ಸಿಕ್ಕಿಕೊಂಡು ಬರಲಿಲ್ಲ. ಎಳೆದರು, ಎಳೆದರು. ನಾನು ಬಿಡಿಸಿದೆ. ಅವರ ತಲೆ ಬಿಸಿಲಿಗೆ ಕಾದು ಸುಡುತ್ತಿತ್ತು.

ಮನೆಗೆ ಬಂದು ಉಟ್ಟ ಸೀರೆಯಲ್ಲೇ ಶವರಿನಡಿ ನಿಂತು ಸ್ನಾನ ಮಾಡಿದರು, ಸುದ್ದಿ ಕೇಳಿದವರು ಮಾಡಬೇಕಾದ ಹಾಗೆ. ಒದ್ದೆ ಸೀರೆ ಬದಲಿಸಿ ಅಡುಗೆಮನೆಗೆ ಬಂದು ತಮ್ಮ ಫೋನು ನೋಡಿದರು. ವತ್ಸಲಾ ಆಂಟಿಯಿಂದ ಮೂರು ಮಿಸ್ಡ್ ಕಾಲ್ — ನಾವು ಹೊರಟಾದ ಮೇಲೆ ಬಂದವು. ಆಗ ಅತ್ತೆ ಅತ್ತರು. "ನನ್ನ ಹಾಳು ಮರೆವು! ಇವತ್ತೇ ಫೋನ್ ಬಿಟ್ಟು ಹೋಗ್ಬೇಕಿತ್ತಾ!" ಎಂದು ಹಣೆ ಚಚ್ಚಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಬೆಳಿಗ್ಗೆ ನಾವು ಹೊರಡೋಕ್ಮುಂಚೆ ಏನಾದ್ರೂ ಫೋನ್ ಬಂದಿತ್ತೇನೇ? ನೀರಿಗೆ ಅಂತ ಒಳಗೆ ಬಂದಿದ್ಯಲ್ಲ" ಎಂದರು.

"ಇಲ್ಲ ಅತ್ತೆ."

ಮೊದಲನೆಯ ಸುಳ್ಳು ಬಾಯಿಗೆ ಬಂದದ್ದು ಅಭ್ಯಾಸದಿಂದ ಎಂದು ಹೇಳಿಕೊಳ್ಳಬಹುದು. ಇದನ್ನು ನಾನು ಯೋಚಿಸಿ ಹೇಳಿದೆ. ಅಂದಿನಿಂದ ಅತ್ತೆ ಫೋನು ಬಿಟ್ಟಿಲ್ಲ. ಹಳೆಯ ರವಿಕೆ ಬಟ್ಟೆಯಲ್ಲಿ ಒಂದು ಚೀಲ ಹೊಲಿದು ಕೊರಳಿಗೆ ಹಾಕಿಕೊಂಡರು. ಬಚ್ಚಲಿಗೆ ಹೋದರೂ ಸ್ಟೂಲಿನ ಮೇಲೆ ಅದು ಇರಲೇಬೇಕು. ತಪ್ಪು ತಮ್ಮದೆಂದು ನಂಬಿ ಹೊತ್ತುಕೊಂಡು ತಿರುಗಿದರು. ಏಳು ವರ್ಷ ಅದನ್ನು ನಾನು ಕಣ್ಣೆದುರಿಗೆ ನೋಡಿದೆ.

ಮೈಸೂರಿನವರು ಜಗಳವಾಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ವೈಕುಂಠ ಸಮಾರಾಧನೆಯ ಕಾರ್ಡು ವಾಟ್ಸಾಪಿನಲ್ಲಿ ಬಂದಾಗ ಕೆಳಗೆ ಎಲ್ಲರ ಹೆಸರಿತ್ತು, ಬೆಳೆಸಿದ ಅಕ್ಕನ ಹೆಸರಿರಲಿಲ್ಲ. ಅತ್ತೆ ಕನ್ನಡಕ ಒರೆಸಿ ಎರಡು ಸಲ ಓದಿದರು. "ಅವಸರದಲ್ಲಿ ಬಿಟ್ಟಿರ್ತಾರೆ" ಎಂದರು. ಅವರೇ ಫೋನು ಮಾಡಿದರೆ ವತ್ಸಲಾ ಆಂಟಿ "ಚೆನ್ನಾಗಿದೀವಿ, ನೀವು ಚೆನ್ನಾಗಿದೀರಾ" ಎಂದು ಇಡುತ್ತಿದ್ದರು. ಭಾನುವಾರಗಳು ಬಂದವು, ಹೋದವು. ನಡುವೆ ವಿಮಾನ ನಿಂತ ವರ್ಷಗಳು. ಕೊನೆಗೊಮ್ಮೆ ಭಾವ ಅತ್ತೆಯನ್ನು ಮೈಸೂರಿಗೆ ಕರೆದುಕೊಂಡು ಹೋದರು. ತಮ್ಮನ ಮನೆಯಲ್ಲಿ ಆದದ್ದನ್ನು ಅತ್ತೆ ವಾಪಸು ಬಂದು ನನಗೆ ಹೇಳಿದ್ದು ಹೀಗೆ —

"ಹಾಲ್‌ನಲ್ಲೇ ಕೂರಿಸಿ ಕಾಫಿ ಕೊಟ್ಲು ಕಣೇ. ಹನ್ನೆರಡು ಗಂಟೆ ಆಗಿತ್ತು, ಒಳಗೆ ಒಗ್ಗರಣೆ ವಾಸನೆ ಬರ್ತಿತ್ತು. ಊಟ ಮಾಡ್ಕೊಂಡು ಹೋಗಿ ಅಂತ ಅನ್ಲಿಲ್ಲ. ನಾನು ಹುಟ್ಟಿದ ಮನೆ ಅದು."

ಆಮೇಲೆ ಇನ್ನೊಂದು ಮಾತು ಹೇಳಿದರು. ಹೊರಡುವಾಗ ವತ್ಸಲಾ ಆಂಟಿ, "ಅವತ್ತು ನಾನು ಫೋನ್ ಮಾಡಿದ್ದಾಗ ಒಂದು ಮಾತಾಡಿದ್ರೆ ಸಾಕಿತ್ತು ಅತ್ತಿಗೆ, ಸುಮಾಗೆ ಹೇಳಿದ್ನಲ್ಲ" ಎಂದರಂತೆ. ಅತ್ತೆ ಸಿಟ್ಟಾದರಂತೆ. "ನನ್ನ ಸೊಸೆ ಸುಳ್ಳು ಹೇಳೋಳಲ್ಲ ವತ್ಸಲಾ, ನಾವು ಹೊರಡೋಕ್ಮುಂಚೆ ಯಾವ ಫೋನೂ ಬಂದಿಲ್ಲ" ಎಂದರಂತೆ. ಆಂಟಿ ಎದ್ದು ಒಳಗೆ ಹೋದರಂತೆ, ಬಾಗಿಲವರೆಗೂ ಬರಲಿಲ್ಲವಂತೆ. ಇಷ್ಟು ಹೇಳಿ ನನ್ನ ಅತ್ತೆ ನನ್ನ ಬೆನ್ನು ಸವರಿದರು — ನನ್ನ ಬೆನ್ನು! "ಅವಳಿಗೆ ದುಃಖದಲ್ಲಿ ತಲೆ ಕೆಟ್ಟಿದೆ, ಏನೇನೋ ಅಂತಾಳೆ. ನೀನು ಬೇಜಾರು ಮಾಡ್ಕೋಬೇಡ."

ಅಂದೇ ಹೇಳಬೇಕಿತ್ತು. ಕಾಲು ಹಿಡಿಯಬೇಕಿತ್ತು. ಬಾಯಿ ತೆರೆದೆ — "ಕಾಫಿ ಮಾಡ್ಲಾ ಅತ್ತೆ?" ಎಂದಿತು ಬಾಯಿ.

ಆಮೇಲೆ ಎಷ್ಟು ಸಲ ಹೇಳಲು ಹೊರಟೆನೋ. ಹೇಳಿದರೆ ಅತ್ತೆಗೆ ತವರು ಸಿಗುತ್ತದೆ, ನಿಜ. ಜೊತೆಗೆ ಇನ್ನೊಂದೂ ಸಿಗುತ್ತದೆ — ತಮ್ಮ ರಾತ್ರಿಯೆಲ್ಲ ಅಕ್ಕ ಅಕ್ಕ ಎಂದು ಕರೆದ, ಅಕ್ಕ ಬರಲಿಲ್ಲ ಎನ್ನುವುದು. ಅದು ಅವರಿಗೆ ಗೊತ್ತಿರಲಿಲ್ಲ. ನಿದ್ದೆಯಲ್ಲಿ ಹೋದ ಹಾಗೆ ಹೋದ ಎಂದುಕೊಂಡಿದ್ದರು. ಆ ಒಂದು ಸಮಾಧಾನವನ್ನು ನಾನೇ ಕಿತ್ತುಕೊಳ್ಳಬೇಕಿತ್ತು. ಹೇಳಿದರೆ ಹೀಗೆ, ಹೇಳದಿದ್ದರೆ ಹಾಗೆ. ಎರಡು ಕಡೆಯೂ ಗೋಡೆ. ಆ ಗೋಡೆ ಕಟ್ಟಿದವಳು ನಾನೇ ಆದ್ದರಿಂದ ಯಾರ ಹತ್ತಿರ ಅಳಲಿ? ಮತ್ತೆ, ನನ್ನ ಹೆದರಿಕೆಯೂ ಇತ್ತು. ಅತ್ತೆಯ ಕಣ್ಣಲ್ಲಿ ಸಣ್ಣವಳಾಗುವ ಹೆದರಿಕೆ. ಅವರ ಮೇಲಿನ ಕರುಣೆ ಎಷ್ಟು, ನನ್ನ ಹೆದರಿಕೆ ಎಷ್ಟು, ಇವತ್ತಿಗೂ ನನಗೆ ಬೇರ್ಪಡಿಸಿ ಹೇಳಲು ಬರುವುದಿಲ್ಲ.

ಹೋದ ತಿಂಗಳು ಮೈಸೂರಿನಿಂದ ಶೀನು ಮಾಮನ ಮೊಮ್ಮಗನ ಮುಂಜಿಯ ಕರೆಯೋಲೆ ಬಂತು. ರಘುವಿಗೆ ಬೇರೆ, ಭಾವನಿಗೆ ಬೇರೆ. ಅತ್ತೆಗೆ ಇಲ್ಲ. ಅತ್ತೆ ಈಗ ನಮ್ಮಲ್ಲಿಯೇ ಇದ್ದಾರೆ, ಎಪ್ಪತ್ತೆಂಟು ವರ್ಷ. ಊಟದ ಮೇಜಿನಲ್ಲಿ ರಘು ತಟ್ಟೆ ನೋಡುತ್ತ ಕೂತ. ಅತ್ತೆಯೇ ಹೇಳಿದರು — "ನೀವೆಲ್ಲ ಹೋಗ್ಬನ್ನಿ. ನಾನು ಇಶಾ ಜೊತೆ ಇರ್ತೀನಿ. ಶೀನನ ಮೊಮ್ಮಗನಿಗೆ ನಾನು ಒಂದು ಪಂಚೆ ಕೊಟ್ಟೆ ಅಂತ ಹೇಳ್ಬೇಡಿ, ನೀವೇ ಕೊಟ್ಟ ಹಾಗೆ ಕೊಡಿ." ಇಶಾ ತಲೆ ಎತ್ತಿ, "ವೈ ಕಾಂಟ್ ಅಜ್ಜಿ ಗೋ?" ಎಂದಳು. ಹದಿಮೂರು ವರ್ಷದ ಹುಡುಗಿ ಕೇಳಿದ ಸಾದಾ ಪ್ರಶ್ನೆ. ಮನೆಯಲ್ಲಿ ಅದಕ್ಕೆ ಉತ್ತರ ಗೊತ್ತಿದ್ದದ್ದು ನನಗೊಬ್ಬಳಿಗೆ.

ಮರುದಿನ ಕೆಲಸದ ಊಟದ ವಿರಾಮದಲ್ಲಿ, ಕಾರಿನಲ್ಲಿ ಕೂತು ವತ್ಸಲಾ ಆಂಟಿಗೆ ಫೋನು ಮಾಡಿದೆ. ಎಲ್ಲವನ್ನೂ ಹೇಳಿದೆ. ಅತ್ತೆ ಮಲಗಿರಲಿಲ್ಲ, ನೀವು ಮಾಡಿದ್ದು ಅವರಿಗೆ ಗೊತ್ತೇ ಇಲ್ಲ, ಗುರುತು ಅಳಿಸಿದವಳು ನಾನು, ಫೋನು ಬಿಟ್ಟುಬಂದವಳು ನಾನು. ಬೈಗುಳಕ್ಕೆ ಕಾದು ಕೂತಿದ್ದೆ. ಆಂಟಿ ಹೇಳಿದ್ದು ಬೇರೆ.

"ನೀನು ಮಲಗಿದಾರೆ ಅಂದ್ಯಲ್ಲ, ಅದನ್ನ ಇವರಿಗೆ ಹೇಳ್ದೆ. 'ಮಲಗ್ಲಿ ಬಿಡು, ಪಾಪ, ಎಬ್ಬಿಸ್ಬೇಡಿ' ಅಂದ್ರು. ಆಮೇಲೂ ನಾಲ್ಕೂವರೆ ಗಂಟೆ ಇದ್ರು. ಅಕ್ಕ ಎದ್ಲಾ, ಅಕ್ಕ ಎದ್ಲಾ ಅಂತ ಆಗಾಗ ಕೇಳೋರು. ನಡುವೆ ಆ ಟೋಪಿ ಫೋಟೋ ಬಂತು. ನಾನು ನೋಡ್ದೆ. ಇವರಿಗೆ ತೋರಿಸ್ಲಿಲ್ಲ. ಅಕ್ಕ ಇನ್ನೂ ಮಲಗಿದಾಳೆ ಅಂತಲೇ ತಿಳ್ಕೊಂಡು ಹೋದ್ರು."

ಆಮೇಲೆ, "ಅತ್ತಿಗೆಗೆ ನಾನು ಊಟ ಹಾಕಲಿಲ್ಲವಲ್ಲೇ ಸುಮಾ. ಬಾಗಿಲಿಗೆ ಬಂದವರಿಗೆ..." ಎಂದು ಅಳತೊಡಗಿದರು. ಅವರಿಂದಲೂ ಒಂದು ಪಾಪ ಮಾಡಿಸಿದ್ದೆ ನಾನು. ಅದು ನನಗೆ ಹೊಳೆದೇ ಇರಲಿಲ್ಲ.

ಅಂದು ಮಧ್ಯಾಹ್ನವೇ ರಜೆ ಹೇಳಿ ಮನೆಗೆ ಬಂದೆ. ಅತ್ತೆ ಪಕ್ಕದ ವೆರಿಬೀಯ ಅಂಗಡಿಯಿಂದ ತಂದ ಫ್ರೋಜನ್ ಅವರೆಕಾಳನ್ನು ನೀರಿನಲ್ಲಿ ನೆನೆಹಾಕಿ, ಒಂದೊಂದಾಗಿ ಹಿದುಕಿ ಬೇಳೆ ಬಿಡಿಸುತ್ತಿದ್ದರು. ನಾನು ನೆಲದ ಮೇಲೆ ಅವರ ಕಾಲ ಹತ್ತಿರ ಕೂತೆ. ಹೇಳಿದೆ. ಎಲ್ಲವನ್ನೂ, ಓರಗಿತ್ತಿಯ ಮೇಲಿನ ಹೊಟ್ಟೆಕಿಚ್ಚಿನಿಂದ ಹಿಡಿದು. ಅವರು ಹಿದುಕುವುದನ್ನು ನಿಲ್ಲಿಸಲಿಲ್ಲ. ಕಿವಿ ಕೇಳಿಸಲಿಲ್ಲವೇನೋ ಎಂದುಕೊಂಡೆ.

"ಏನಂದ ಅವನು?" ಎಂದರು ಕೊನೆಗೆ.

ಹೇಳಲೇಬೇಕಾಯಿತು. "ಮಲಗ್ಲಿ ಬಿಡು, ಎಬ್ಬಿಸ್ಬೇಡಿ ಅಂದ್ರಂತೆ."

"ನಾನು ಎದ್ದೇ ಇದ್ದೆನಲ್ಲೇ," ಎಂದರು ಅತ್ತೆ. ಸಿಟ್ಟಿನಿಂದಲ್ಲ. ನನಗೆ ಏನೋ ಗೊತ್ತಾಗಿಲ್ಲ, ತಿಳಿಸಿ ಹೇಳಬೇಕು ಎನ್ನುವ ಹಾಗೆ. "ನಾನು ಎದ್ದು, ಸ್ನಾನ ಮಾಡಿ, ಕಾರಲ್ಲಿ ಕೂತಿದ್ದೆನಲ್ಲ."

ನಾನು ಅವರ ಪಾದ ಮುಟ್ಟಲು ಹೋದೆ. ಕಾಲು ಹಿಂದಕ್ಕೆ ಎಳೆದುಕೊಂಡರು. ಎದ್ದು ಕೈ ತೊಳೆದು, ಕೊರಳಿನ ಚೀಲದಿಂದ ಫೋನು ತೆಗೆದು, "ವತ್ಸಲಾಗೆ ಹಚ್ಚಿಕೊಡು" ಎಂದರು. ಹಚ್ಚಿಕೊಟ್ಟೆ. ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಎರಡು ಮುದುಕಿಯರು ಅಳುವುದು ಕೇಳಿಸುತ್ತಿತ್ತು, ಒಂದು ದನಿ ಹತ್ತಿರದ್ದು, ಇನ್ನೊಂದು ಫೋನಿನದ್ದು. ನಾನು ಉಳಿದ ಅವರೆಕಾಳು ಹಿದುಕಿದೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಅತ್ತೆ ಮುಂಜಿಗೆ ಹೋಗುತ್ತಿದ್ದಾರೆ. ಹತ್ತು ದಿನ ಮೊದಲೇ ಬನ್ನಿ, ಹಪ್ಪಳಕ್ಕೆ ಹದ ನೋಡುವವರು ನೀವೇ ಎಂದು ವತ್ಸಲಾ ಆಂಟಿ ಹಟ ಹಿಡಿದಿದ್ದಾರೆ. ರಘುವಿಗೆ ನಾನೇ ಎಲ್ಲ ಹೇಳಿದೆ. ಎರಡು ದಿನ ಅವನು ನನ್ನ ಮುಖ ನೋಡಲಿಲ್ಲ. ಅತ್ತೆ ಮಾತ್ರ ಮೊದಲಿನ ಹಾಗೆಯೇ ಮಾತಾಡಿಸುತ್ತಾರೆ. ಬೈಯಲಿಲ್ಲ, ಪ್ಯಾರಮಟ್ಟಾಕ್ಕೆ ಹೋಗುತ್ತೇನೆ ಎನ್ನಲಿಲ್ಲ, ಲತಾಳಿಗೆ ಹೇಳಿಕೊಡಲಿಲ್ಲ. ನಾನು ಕ್ಷಮೆ ಕೇಳಿದ್ದಕ್ಕೆ, "ಆಯ್ತು, ಏಳು" ಎಂದರು. ಕ್ಷಮಿಸಿದೆ ಎನ್ನಲಿಲ್ಲ. ನಾನು ಎರಡನೆಯ ಸಲ ಕೇಳಿಲ್ಲ, ಕೇಳುವುದೂ ಇಲ್ಲ.

ಒಂದೇ ಒಂದು ಬದಲಾಗಿದೆ. ಮೊನ್ನೆ ಮನೆಯಲ್ಲಿ ಫೋನು ಬಂತು, ನಾನು ಎತ್ತಿ ಮಾತಾಡಿ ಇಟ್ಟೆ. "ಯಾರೇ?" ಎಂದರು ಅತ್ತೆ. "ಇಶಾಳ ಸ್ಕೂಲಿನವರು ಅತ್ತೆ, ನಾಳೆ ಬೇಗ ಬಿಡ್ತಾರಂತೆ" ಎಂದೆ. ಹೂಂ ಎಂದರು. ಸ್ವಲ್ಪ ಹೊತ್ತಿನ ಮೇಲೆ ನಾನು ಬಟ್ಟೆ ಒಣಹಾಕುತ್ತಿದ್ದಾಗ, ಒಳಗೆ ಅವರು ಇಶಾಳನ್ನು ಮೆತ್ತಗೆ ಕೇಳುವುದು ಕಿಟಕಿಯಿಂದ ಕೇಳಿಸಿತು — "ನಾಳೆ ನಿನ್ನ ಸ್ಕೂಲು ಬೇಗ ಬಿಡ್ತಾರಾ ಪುಟ್ಟೀ?" ಇಶಾ "ಯಾ, ಹಾಫ್ ಡೇ" ಎಂದಳು. ಅತ್ತೆ "ಸರಿ ಹಾಗಾದ್ರೆ" ಎಂದರು.